ಬೇಲಿಯಾಚೆಯ ಜನ

ಬಿ.ಜಿ. ಕೆರೆ
೧೯೧೧ನೇ ಇಸವಿ ಮಾರ್ಚ್ ೧೯

ಚಳ್ಳಕೆರೆ ಬಿಡಾರದಲ್ಲಿರುವ ಯಜಮಾನರಿಗೆ ವೀರಮ್ಮ ಮಾಡುವ ಶರಣಾರ್ಥಿಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆಯಲಾರೆ, ಹೊಟ್ಟೆ ಉರಿಯುತ್ತಿದೆ.

ಖಾನೇಸುಮಾರಿಗೆಂದು, ಈ ಜನಗಣತಿಗೆಂದು, ನೀವು ಬರೆದ ಸೀಮೆಯ ವಿವರಣೆಯ ನಕಲು ಮನೆಯಲ್ಲೇ ಇತ್ತು, ಓದಿದೆ. ಮೊಳಕಾಲ್ಮೂರು ಕಡೆಯ ಬಂಡೆಗುಡ್ಡ, ಅದರಡಿಯ ಎರೆಹೊಲ, ಇತ್ತ ಕೆಂಪು ಮಸಾರಿ, ಆಮೇಲೆ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು. ಮೇಷ್ಟರ ಕೈ, ಕೇಳಬೇಕೆ! ಕಾವಲಿನ ಸೂರಪ್ಪನ ಹಟ್ಟಿಗೆ ಬಂದರೆ ಮಾತ್ರ, ದೇವರ ಹೆಸರಿಗೆ ಬಿಟ್ಟ ದನ ಅರವತ್ತೆರಡು, ಜನ ಹದಿನಾಲ್ಕು. ಹಿಂದಿನ ದಿನ ಹುಟ್ಟಿದ ಕರುವನ್ನೂ ಬಿಡದೆ ಎಣಿಸಿದ ನಿಮಗೆ ಹೆಂಗಸರು ಕಾಣಲಿಲ್ಲವೇನ್ರೀ?

ಹಟ್ಟಿಯ ಬೇಲಿಯಾಚೆ ಒಂದು ಗುಡಿಸಲಿದೆ. ದೇವರ ದನಕ್ಕೆ ಮೈಲಿಗೆಯಾಗುತ್ತದೆಂದು ಮುಟ್ಟಾದವರು, ಬಾಣಂತಿಯರು ಅಲ್ಲೇ ಇರಬೇಕು. ಎಣಿಕೆಯ ರಾತ್ರಿ ಅಲ್ಲಿ ಮುಟ್ಟಾದ ಕೆಂಚಕ್ಕ, ತಿಂಗಳ ಕೂಸಿನ ಸೂರಮ್ಮ, ಸಂಜೆಯಷ್ಟೇ ಹೆತ್ತ ಕಾಟಮ್ಮ ಇದ್ದರು. ಎರಡು ಕೂಸು ಸೇರಿ ಐದು ಜೀವ. "ಗುಡ್ಲಾಗಿರೋರು ಒಳಾಕೆ ಬರೋಗಂಟ ಲೆಕ್ಕಕ್ಕಿಲ್ಲ ಸ್ವಾಮಿ" ಎಂದು ಸೂರಪ್ಪ ಹೇಳಿದನಂತೆ. ನೀವು ಹೂಂ ಎಂದು ಬರೆದುಕೊಂಡಿರಂತೆ. ಅವನಿಗಾದರೆ ದೇವರ ಭಯ. ಲಿಂಗ ಕಟ್ಟಿದ ನಮಗೆ ಯಾವ ಮೈಲಿಗೆ? ಹತ್ತು ಹೆಜ್ಜೆ ನಡೆಯಲು ನಿಮಗೇನು ಧಾಡಿಯಾಗಿತ್ತು?

ಇಪ್ಪತ್ತು ಜನರಿದ್ದರೆ ಸರ್ಕಾರದವರು ಹಟ್ಟಿಗೊಂದು ಬಾವಿ ತೋಡಿಸುತ್ತಾರೆಂದು ಸಾರಿದವರು ನೀವೇ. ಮೊನ್ನೆ ಸೂರಪ್ಪ ತಪ್ಪಾಯಿತೆಂದು ನಿಮ್ಮ ಬಿಡಾರದವರೆಗೆ ನಡೆದು ಬಂದು ಕಾಲು ಹಿಡಿದರೆ, ಐವರನ್ನು ಸೇರಿಸಿದರೂ ಹತ್ತೊಂಬತ್ತೇ, ತಿದ್ದಿ ಏನು ಪ್ರಯೋಜನ ಎಂದು ಕಳಿಸಿದಿರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ! ಒಂದು ಹರದಾರಿ ದೂರದ ಒರತೆಯಿಂದ ನೀರು ಹೊರುವವರು ನಿಮ್ಮ ಲೆಕ್ಕಕ್ಕೆ ಬಾರದ ಆ ಹೆಂಗಸರೇ. ಕಾಟಮ್ಮನಿಗೆ ನೋವು ಕಾಣಿಸಿಕೊಂಡಿದ್ದೂ ಆ ದಾರಿಯಲ್ಲೇ, ತಲೆಯ ಮೇಲೆ ಕೊಡವಿದ್ದಾಗ. "ಈ ಕೂಸು ಕೊಡ ಹೊರೋ ಹೊತ್ಗಾದ್ರೂ ನೀರು ಹತ್ರ ಬರ್ಲಿ ಕಣಕ್ಕ" ಎನ್ನುತ್ತಾಳೆ.

ಲೆಕ್ಕ ಮೇಲಕ್ಕೆ ಹೋಗಲು ಇನ್ನೂ ನಾಲ್ಕು ದಿನವಿದೆ. ಮೂವರ ಹೆಸರೂ ಮೇಲೆ ಬರೆದಿರುವೆ, ಕೂಸುಗಳಿಗೆ ಇನ್ನೂ ಹೆಸರಿಟ್ಟಿಲ್ಲ. ತಿದ್ದಿರಿ.

ಇಂತಿ,
ನೀವೇ ಅಕ್ಷರ ಕಲಿಸಿದ
ವೀರಮ್ಮ

ಮರೆತ ಮಾತು: ನಮ್ಮ ಮನೆಯ ಪಟ್ಟಿಯಲ್ಲಿ "ಹೆಂಡತಿ ವೀರಮ್ಮ" ಎಂದು ನನ್ನನ್ನು ಕೇಳದೆಯೇ ಬರೆದುಬಿಟ್ಟಿದ್ದೀರಿ. ಆ ರಾತ್ರಿ ನಾನು ಮನೆಯಲ್ಲಿರಲಿಲ್ಲ. ಕಾಟಮ್ಮನ ಹೆರಿಗೆ ಮಾಡಿಸಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಆ ಗುಡಿಸಲಲ್ಲೇ ಇದ್ದೆ. ಬೇಲಿಯ ಬಳಿ ನಿಮ್ಮ ದನಿ ಕೇಳಿತು, ಈಗ ಬರುತ್ತೀರಿ ಎಂದು ಕಾದೆ. ಎಣಿಕೆಯ ರಾತ್ರಿ ಯಾರು ಎಲ್ಲಿದ್ದರೋ ಅಲ್ಲೇ ಬರೆಯಬೇಕೆಂಬುದು ನೀವು ಹೇಳಿದ ಕಾನೂನೇ. ನಿಮ್ಮ ಮನೆಯಿಂದ ನನ್ನ ಹೆಸರು ಹೊಡೆದುಹಾಕಿ, ಅಲ್ಲಿ ಬರೆಯಿರಿ. ಇಪ್ಪತ್ತಾಗುತ್ತದೆ.