ಕಡೆಯ ಏಳು

ಬುಧವಾರ, ಮಧ್ಯಾಹ್ನ

ಅಣ್ಣನಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಜಗಳವಾಡಿ ಮಾತು ಬಿಟ್ಟವರು ನಾವು. ಅವರು ಹೋದ ಮೇಲೆ ಬರೆಯುತ್ತಿರುವ ಮೊದಲ ಕಾಗದವೂ ಜಗಳದ್ದೇ ಆಯಿತು. ಏನು ಮಾಡಲಿ, ಮೈ ಉರಿಯುತ್ತಿದೆ.

ಬೆಳಿಗ್ಗೆ ಅಮ್ಮನನ್ನು ಕಲ್ಲು ಕೆತ್ತುವವರ ಶೆಡ್ಡಿಗೆ ಕರೆದುಕೊಂಡು ಹೋಗಿದ್ದೆ. ಭಾನುವಾರ ಅಪ್ಪನ ಸಮಾಧಿಗೆ ನಿಲ್ಲಿಸುವ ಕಲ್ಲನ್ನು ಮುಟ್ಟಿ ನೋಡಬೇಕೆಂದು ಹಟ ಹಿಡಿದಿದ್ದಳು. ಕಣ್ಣು ಮಂಜಾಗಿದೆಯಲ್ಲ, ಅದರಲ್ಲಿ ಕೆತ್ತಿದ್ದ ಅಪ್ಪನ ಮೆಚ್ಚಿನ ಸಂಖ್ಯೆಯ ಮೇಲೆ ಬೆರಳಾಡಿಸಿಕೊಂಡೇ ಓದಿದಳು. ಕಡೆಯಲ್ಲಿ ಬೆರಳು ನುಣುಪು ಕಲ್ಲಿನ ಮೇಲೆ ಜಾರಿತು. ಏಳು ಎಲ್ಲೇ, ಬಿಟ್ಟೇಹೋಯ್ತಾ ಅಂತ ನನ್ನನ್ನು ಕೇಳಿದಳು. ಕೆತ್ತುವವರನ್ನು ಕೇಳಿದರೆ, ಜಾಗ ಸಾಲದಿದ್ರೆ ಕೊನೇದೊಂದು ಬಿಡಿ, ಯಾರು ನೋಡ್ತಾರೆ ಅಂತ ನೀನೇ ಫೋನಿನಲ್ಲಿ ಹೇಳಿದೆಯಂತೆ. ಅವರು ಇನ್ನೇನೋ ಹೇಳಲು ಬಂದರು. ಕೇಳುವ ತಾಳ್ಮೆ ನನಗಿರಲಿಲ್ಲ.

ಪತ್ರಿಕೆಯಲ್ಲಿ ಪುಟ ಕಟ್ಟುವವನು ನೀನು, ಜಾಗ ಸಾಲದಿದ್ದರೆ ಸುದ್ದಿಯ ಬಾಲ ಕತ್ತರಿಸಿ ಅಭ್ಯಾಸ. ಅಪ್ಪ ಸುದ್ದಿಯಲ್ಲ ಅಣ್ಣ.

ಊಟವಾದ ಮೇಲೆ ನಮ್ಮ ಗಣಿತದ ಮೇಷ್ಟ್ರು ಅಪ್ಪ ಅಡುಗೆಮನೆಯ ಕರಿಹಲಗೆಯಲ್ಲಿ ಬರೆಯುತ್ತಿದ್ದುದು ಮರೆತೆಯಾ? 357686312646216567629137. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದಕ್ಕೂ ಬಗ್ಗದ ಅವಿಭಾಜ್ಯ ಸಂಖ್ಯೆ. ಎಡಗಡೆಯ ಅಂಕಿ ಅಳಿಸಿದರೆ ಉಳಿದದ್ದೂ ಅವಿಭಾಜ್ಯ, ಇನ್ನೊಂದು ಅಳಿಸಿದರೂ ಅಷ್ಟೇ. ಸೊನ್ನೆಯಿಲ್ಲದೆ ಹೀಗೆ ಕೊನೆಯವರೆಗೂ ತಾಳುವ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಮೊದಲ ಅಂಕಿ ಮೂರನ್ನು ಅಳಿಸುವ ಹಕ್ಕು ದೊಡ್ಡವನಾದ ನಿನ್ನದು. ಅಳಿಸುತ್ತಾ ಅಳಿಸುತ್ತಾ 137, 37, ಕಡೆಗೆ 7. ಅದನ್ನು ಮಾತ್ರ ಮುಟ್ಟಲು ಬಿಡುತ್ತಿರಲಿಲ್ಲ, ಅದು ಚಿಕ್ಕವಳದು ಎನ್ನುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದೂ ಏಳು ಅಂತಲೇ.

ಒಂದು ಅಂಕಿ ಬಿಡಲೇಬೇಕಿದ್ದರೆ ನಿನ್ನ ಮೂರನ್ನು ಬಿಡಬೇಕಿತ್ತು. ಸಂಖ್ಯೆಗೆ ಏನೂ ಆಗುತ್ತಿರಲಿಲ್ಲ. ಈಗ ಕಲ್ಲಿನ ಮೇಲಿರುವ ಅಂಕಿಗಳನ್ನು ಕೂಡಿ ನೋಡು, ನೂರೈದು. ಅದು ಮೂರರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ ಮೂರರಿಂದ ಸಲೀಸಾಗಿ ಭಾಗವಾಗುತ್ತದೆ. ಭಾನುವಾರ ಬರುವ ಅಪ್ಪನ ಶಿಷ್ಯರಲ್ಲಿ ಒಬ್ಬರಾದರೂ ಕೂಡದೆ ಬಿಡುತ್ತಾರಾ? ಜೀವನವಿಡೀ ಒಂದು ತಪ್ಪು ಲೆಕ್ಕ ಸಹಿಸದ ಮನುಷ್ಯನ ತಲೆಯ ಮೇಲೆ ತಪ್ಪು ಲೆಕ್ಕವನ್ನೇ ನಿಲ್ಲಿಸುತ್ತೀಯ.

ನನ್ನನ್ನು ಮನೆಯಿಂದ ದೂರ ಮಾಡಿದ್ದು ಸಾಲದೆ ಕಲ್ಲಿನಿಂದಲೂ ತೆಗೆದೆ. ಬೇಕೆಂದೇ ಮಾಡಿದೆ ಅಂತಲೇ ನನಗನ್ನಿಸುತ್ತದೆ. ಆ ಕಲ್ಲು ಹಾಗೇ ನಿಂತರೆ ನಾನು ಬರುವುದಿಲ್ಲ, ಅಮ್ಮನಿಗೆ ನೀನೇ ಉತ್ತರ ಹೇಳಿಕೋ.

ಇಷ್ಟಾದರೂ ನಿನ್ನ ತಂಗಿ,
ಏಳು

ತಾ.ಕ.: ಕಾಗದ ಅಂಚೆಗೆ ಹಾಕುವ ಮೊದಲು ಇನ್ನೊಂದಿಷ್ಟು ಜಗಳವಾಡಲು ಶೆಡ್ಡಿಗೆ ಹೋದೆ. ಜಾಗ ಯಾಕೆ ಸಾಲಲಿಲ್ಲ ಎಂದು ಕೇಳಿದೆ. ಸಂಖ್ಯೆಗೆ ಎರಡು ಸಾಲು ಇಟ್ಟಿದ್ದರಂತೆ. ಸಂಖ್ಯೆ ಒಂದೇ ಸಾಲಿನಲ್ಲಿರಲಿ, ಎರಡನೆಯ ಸಾಲಿನಲ್ಲಿ ಮಗಳ ಹೆಸರು ಬರಲೇಬೇಕು ಅಂತ ನೀನು ಪಟ್ಟು ಹಿಡಿದೆಯಂತೆ. ಸಂಖ್ಯೆಯ ಕೆಳಗೆ ಕಲ್ಲಿಗೆ ಅಂಟಿಸಿದ್ದ ಕಾಗದ ಎತ್ತಿ ತೋರಿಸಿದರು. ನಾಳೆ ಕೆತ್ತಲೆಂದು ಪೆನ್ಸಿಲಿನಲ್ಲಿ ಬರೆದ ನನ್ನ ಹೆಸರು. ನಿನ್ನದು ಎಲ್ಲೂ ಇಲ್ಲ.

ಮೇಲೆ ಬೈದದ್ದನ್ನು ಹೊಡೆದು ಹಾಕುವುದಿಲ್ಲ, ಕೋಪ ಇನ್ನೂ ಇಳಿದಿಲ್ಲ. ಉಳಿದದ್ದನ್ನು ಭಾನುವಾರ ಬಂದು ಬೈಯುತ್ತೇನೆ. ನನ್ನ ಹೆಸರು ಅಳಿಸಿ ಅಲ್ಲಿ 7 ಕೆತ್ತಲು ಹೇಳಿದ್ದೇನೆ.