ಪೆಡಲ್ ಒತ್ತಿದವರು ಯಾರು

ಮುನವಳ್ಳಿ
ಮಂಗಳವಾರ, 12-11-2024

ಮುದ್ದಿನ ಮಗಳು ಮಾಲಾಳಿಗೆ,

ಅವ್ವನ ಆಶೀರ್ವಾದ. ನೀನಿರುವ ಸವದತ್ತಿ ಇಲ್ಲೇ ಹತ್ತಿರವಿದ್ದರೂ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಿದರೆ ನೀನು ಮಾತು ತಿರುಗಿಸುತ್ತೀ.

ಎರಡು ತಿಂಗಳಿಂದ ನಿಮ್ಮಪ್ಪ ಸೋಮವಾರ ಬಂತೆಂದರೆ ಹಳೆಯ ಫಿಯೆಟ್ ತೆಗೆದುಕೊಂಡು ನಿಮ್ಮೂರಿಗೆ ಹೊರಡುತ್ತಾರೆ. ಕೇಳಿದರೆ, "ಆಯಿಲ್ ತಗೊಂಡು ಅಲ್ಲೇ ಬ್ರೇಕ್ ಪೈಪಿನ್ಯಾಗಿನ ಗಾಳಿ ತಗದು ಬರತೇನಿ, ಒಬ್ಬನ ಮಾಡತೇನಿ" ಅಂದರು. ಅಯ್ಯ ನಮ್ಮವ್ವ! ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ ನಟ್ಟು ಸಡಿಲಿಸಿ ಗಾಳಿ ಬಿಡಬೇಕು. ಮದುವೆಯಾದಾಗಿನಿಂದ ಆ ಪೆಡಲ್ ಒತ್ತಿದವಳು ನಾನು. ಈಗ ಯಾರ ಕಾಲು?

ಒಂದು ದಿನ ನೋಡಿದೆ, ಡ್ರೈವರ್ ಸೀಟು ಮುಂದಕ್ಕೆ ಸರಿದಿತ್ತು. ಯಾರೋ ಗಿಡ್ಡ ಹೆಂಗಸು ಎಂದುಕೊಂಡೆ. ಬೇಕೆಂದೇ, "ಸೀಟಿಗೇನಾಗೇತ್ರಿ?" ಅಂದೆ. "ನಾ ಯಾರನ್ನೂ ಕೂಡ್ರಿಸಿಲ್ಲ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಅಂದು ರಾತ್ರಿ ಉಣ್ಣಲೂ ಮನಸ್ಸಾಗಲಿಲ್ಲ.

ಮರುವಾರ ಗಾಡಿ ಬಂದು ನಿಂತಾಗ ಚಕ್ರಕ್ಕೆ ಮೂಗು ಹಚ್ಚಿದೆ. ಸುಟ್ಟ ವಾಸನೆ. ದಿಬ್ಬ ಏರುವ ಗೇರಿನಲ್ಲೇ ಇಳಿಯಬೇಕು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬರಬಾರದು ಎಂದು ಊರಿಗೆಲ್ಲ ಪಾಠ ಹೇಳುವವರು ಬ್ರೇಕ್ ಸುಡುತ್ತಾರೆಯೇ? ಸ್ಕೂಟಿ ಕಲಿಯುವಾಗ ಬ್ರೇಕ್ ಹಿಡಿದುಕೊಂಡೇ ಓಡಿಸುತ್ತಿದ್ದವಳು ನಮ್ಮ ಮನೆಯಲ್ಲಿ ಒಬ್ಬಳೇ. ಗಿಡ್ಡಗಿರುವವಳೂ ಅವಳೇ, ಅಂದರೆ ನೀನೇ. ಮಗಳೇ, ಬೇರೆ ಹೆಣ್ಣಾಗಿದ್ದರೆ ಜಗಳವಾದರೂ ಆಡಬಹುದಿತ್ತು!

ಯಾಕೆಂದು ಮಾತ್ರ ತಿಳಿದಿರಲಿಲ್ಲ. ಹೋದ ವಾರ ಕುದಿಯುವ ಚಹಾ ಅವರ ಬಲಗಾಲಿನ ಮೇಲೆ ಚೆಲ್ಲಿತು. ಅವರು ಪೇಪರ್ ಓದುತ್ತಲೇ ಇದ್ದರು. ನಾನು ಚೀರಿದ ಮೇಲೆಯೇ ಕೆಳಗೆ ನೋಡಿದರು. ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿದೆ, ಅಲ್ಲವೇ? ಸೋಮವಾರ ಹೋಗುವುದು ಡಾಕ್ಟರ ಹತ್ತಿರ. ನೀನು ಬಸ್ಸಿಗೆ ಬಂದು ನಮ್ಮೂರ ಹೊರಗೆ ಕಾಯುತ್ತೀ, ಅಲ್ಲಿಂದ ಗಾಡಿ ಓಡಿಸಿ ಮತ್ತೆ ಅಲ್ಲಿಗೇ ತಂದು ಬಿಡುವವಳು ನೀನು. ಇಬ್ಬರೂ ಸೇರಿ ನನ್ನನ್ನು ಹೊರಗಿನವಳನ್ನಾಗಿ ಮಾಡಿದಿರಿ. ಬಹಳ ನೋವಾಗಿದೆ.

ಬರುವ ರವಿವಾರ ಕಿತ್ತೂರಿನ ಮದುವೆಗೆ ನನ್ನನ್ನು ಕೂರಿಸಿಕೊಂಡು ತಾವೇ ಓಡಿಸುತ್ತಾರಂತೆ. ಸುಟ್ಟರೂ ತಿಳಿಯದ ಕಾಲಿಗೆ ಪೆಡಲ್ ಹೇಗೆ ತಿಳಿಯಬೇಕು? ಬಸ್ಸಿಗೆ ಹೋಗೋಣ ಅಂದರೆ ಸಿಟ್ಟು. ಶನಿವಾರವೇ ಬಾ. ನನ್ನೆದುರಿಗೇ ಕೀಲಿ ಇಸಿದುಕೋ. ಅವರು ನನ್ನ ಮಾತು ಕೇಳುವುದಿಲ್ಲ, ನಿನ್ನದು ಕೇಳುತ್ತಾರೆ.

ಸಿಟ್ಟಿನಲ್ಲಿರುವ ನಿನ್ನವ್ವ,
ಮಹಾನಂದಾ

ತಾ.ಕ.: ಚಹಾ ಚೆಲ್ಲಿದ ಮರುದಿನ ಪಕ್ಕದ ಮನೆಯ ಗುರವ್ವನ ಜೊತೆ ಬೈಲಹೊಂಗಲಕ್ಕೆ ಹೋಗಿ ಲರ್ನಿಂಗ್ ಲೈಸೆನ್ಸ್ ಮಾಡಿಸಿಕೊಂಡು ಬಂದೆ. ನಿಮ್ಮಪ್ಪನಿಗೆ ತವರಿಗೆ ಹೋಗಿದ್ದೆ ಎಂದು ಹೇಳಿದ್ದೇನೆ. ಕೇಳಿದರೆ ನೀನೂ ಹಾಗೆಯೇ ಹೇಳು.