ಬೇಲಿ ಜಗಳ ಮತ್ತೆ ಶುರುವಾಯಿತು

ಪೋರ್ಕಲಾ
20 ಮೇ 1956

ಪ್ರೀತಿಯ ಹಿಲ್ಮಾ ಅಕ್ಕ,

ಸ್ವೀಡನ್ನಿನಲ್ಲಿ ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಈಸ್ಟರ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ, ಬೈಯಬೇಡ. ಮೂರು ವಾರದಿಂದ ಕೈಗೆ ಪೆನ್ನು ಸಿಕ್ಕಿಲ್ಲ, ಬರೀ ಬಣ್ಣದ ಬ್ರಷ್ಷು.

"ಹನ್ನೊಂದು ವರ್ಷ ರಷ್ಯದ ಸೈನಿಕರಿದ್ದ ಮನೆಯಲ್ಲಿ ಏನು ಉಳಿದಿರುತ್ತೆ? ಸರ್ಕಾರಕ್ಕೇ ಬಿಟ್ಟುಬಿಡು" ಎಂದಿದ್ದೆಯಲ್ಲ? ಉಳಿದಿದೆ ಅಕ್ಕ! ಕಿಟಕಿಗಳಿಲ್ಲ, ಹಬೆ ಸ್ನಾನದ ಸೌನಾ ಇಲ್ಲ, ಸೇಬಿನ ಮರ ಎರಡೇ ಇವೆ. ಬದಲಿಗೆ ನಡುಮನೆಯಲ್ಲಿ ಒಂದು ಭಾರಿ ಇಟ್ಟಿಗೆಯ ಒಲೆ ಬಂದು ಕೂತಿದೆ! ಯಾವ ಸೈನಿಕ ಕಟ್ಟಿದನೋ, ಕೆಲಸ ಬಲ್ಲವನು. ಒಡೆಸಿಬಿಡೋಣ ಎಂದರೆ ನಮ್ಮವರು ಕೇಳಬೇಕಲ್ಲ!

"ಬಿಡೇ, ಕಟ್ಟಿದೋನು ರಷ್ಯದವನಾದರೇನು, ಬೆಚ್ಚಗಾಗೋದು ನನ್ನ ಬೆನ್ನು ತಾನೆ!" ಅಂದರು.

ನಡುಮನೆ ಥಂಡಿ ಎಂದು ಸದಾ ಗೊಣಗುತ್ತಿದ್ದ ಅಮ್ಮ ಇದ್ದಿದ್ದರೆ ಅದಕ್ಕೇ ಒರಗಿ ಕೂತಿರುತ್ತಿದ್ದಳು.

ಪಕ್ಕದ ಮನೆಯ ತೋರ್ವಾಲ್ಡ್ ಕೂಡ ಮರಳಿದ್ದಾನೆ. ನಲವತ್ತನಾಲ್ಕರಲ್ಲಿ ಯುದ್ಧ ಸೋತು ಈ ಭಾಗವನ್ನು ರಷ್ಯಕ್ಕೆ ಒಪ್ಪಿಸಿ, ನಾವೆಲ್ಲ ಹತ್ತೇ ದಿನದಲ್ಲಿ ಊರು ಬಿಟ್ಟಾಗ ಅವನಿಗೂ ನಮ್ಮವರಿಗೂ ಬೇಲಿ ಜಗಳ ಅರ್ಧಕ್ಕೇ ನಿಂತಿತ್ತು, ನೆನಪಿದೆಯಾ? ಈಗ ಬೇಲಿಯ ಒಂದು ಗೂಟವೂ ಇಲ್ಲ. ಹೊಲದಲ್ಲಿ ಇಬ್ಬರೂ ಎದುರಾದರು, ಟೋಪಿ ತೆಗೆದರು. ಅಪ್ಪಿಕೊಳ್ಳುತ್ತಾರೆ ಅಂದುಕೊಂಡೆ.

"ಏನಯ್ಯಾ, ನನ್ನ ಜಾಗದಲ್ಲಿ ನಿಂತಿದ್ದೀಯ?" ಅಂದ ತೋರ್ವಾಲ್ಡ್.

"ನಿನ್ನ ಜಾಗ ಆ ಕಾಲುವೆಯಿಂದಾಚೆ!" ಅಂದರು ಇವರು.

"ಆ ಕಾಲುವೆ ರಷ್ಯದವರು ತೋಡಿದ್ದು ಕಣಯ್ಯಾ!"

ಕೂಗಾಟಕ್ಕೆ ಊರೇ ಸೇರಿತು. ತೋರ್ವಾಲ್ಡನ ಹೆಂಡತಿ ಇಬ್ಬರಿಗೂ ಕಾಫಿ ತಂದುಕೊಟ್ಟಳು. ಕುಡಿಯುತ್ತಾ ಇಬ್ಬರೂ ಅತ್ತರು, ಲೋಟ ಕೆಳಗಿಟ್ಟು ಮತ್ತೆ ಜಗಳಕ್ಕೆ ನಿಂತರು. ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನಿಜವಾಗಿ ಊರಿಗೆ ಬಂದೆವು ಅನ್ನಿಸಿದ್ದು ಆವತ್ತೇ.

ಮನೆ ನಮ್ಮಿಬ್ಬರ ಹೆಸರಿನಲ್ಲಿದೆ. ಜೂನ್ ಮುಗಿಯುವುದರೊಳಗೆ ನೀನೂ ಬಂದು ಸಹಿ ಹಾಕದಿದ್ದರೆ ಸರ್ಕಾರದ ಪಾಲಾಗುತ್ತದೆ. ಬಾ ಅಕ್ಕ. ಹೊಸ ಸೌನಾಕ್ಕೆ ಮರ ಬಂದು ಬಿದ್ದಿದೆ. ಬೇಸಿಗೆ ಹಬ್ಬಕ್ಕೆ ಅದರ ಮೊದಲ ಹಬೆ ನಿನಗೇ.

ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ.

ನಿನ್ನ ತಂಗಿ
ಎಡ್ಲಾ

ಇನ್ನೊಂದು ಮಾತು: ಸಹಿ ಒಂದು ನೆಪ, ಅಕ್ಕ. ನಿನಗೆ ಹೇಳದೆ ಮುಚ್ಚಿಟ್ಟಿದ್ದೊಂದಿದೆ. ರಷ್ಯದವರ ಕಾಲದಲ್ಲಿ ರೈಲು ಈ ಭಾಗ ದಾಟುವಾಗ ಯಾರೂ ಹೊರಗೆ ನೋಡಬಾರದೆಂದು ಕಿಟಕಿಗಳಿಗೆ ಹಲಗೆ ಮುಚ್ಚುತ್ತಿದ್ದರಲ್ಲ. ಆದರೂ ಅಮ್ಮ ಪ್ರತಿ ಬೇಸಿಗೆ ಹೆಲ್ಸಿಂಕಿಗೆ ಹೋಗಿಬರುತ್ತಿದ್ದಳು, ಆ ಕತ್ತಲಲ್ಲಿ ಕೂತು ಮನೆಯ ಹತ್ತಿರ ಹಾದುಹೋಗಲೆಂದೇ. ಕಳೆದ ಜುಲೈನಲ್ಲಿ ಕಾಲುನೋವು, ಜೊತೆಗೆ ಬಾ ಎಂದು ಕರೆದಳು. "ಹಲಗೆ ನೋಡೋಕೆ ಅಷ್ಟು ದೂರ ಹೋಗಬೇಕಾ ಅಮ್ಮಾ?" ಅಂದುಬಿಟ್ಟೆ. ಮತ್ತೆ ಕೇಳಲಿಲ್ಲ. ಆಗಸ್ಟ್‌ನಲ್ಲಿ ತೀರಿಕೊಂಡಳು. ಊರು ವಾಪಸ್ ಕೊಡುತ್ತಾರೆಂಬ ಸುದ್ದಿ ಬಂದದ್ದು ಸೆಪ್ಟೆಂಬರ್‌ನಲ್ಲಿ. ಇಲ್ಲಿಗೆ ಬಂದು ಮೂರು ವಾರವಾಯಿತು, ಅವಳ ಕೋಣೆಯ ಬಾಗಿಲು ತೆಗೆಯಲು ನನ್ನಿಂದ ಆಗಿಲ್ಲ. ನೀನು ಬಾ, ಇಬ್ಬರೂ ಸೇರಿ ತೆಗೆಯೋಣ.